ಬೈಕಿಗೆ ಹೆಚ್ಚುವರಿ ದೀಪಗಳ ವೈರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಗೆ ಇಳಿಯುವ ಹೊತ್ತಿಗೆ ಮಂಜು ಕವಿದು, ಮೇಲಿಂದ ಮಳೆಯೂ ಹಿಡಿದುಕೊಂಡರೆ, ಬೈಕಿನ ಒಂದೇ ಹೆಡ್‌ಲೈಟ್ ಎಷ್ಟು ಸಾಲದು ಎಂಬುದು ಸವಾರನಿಗೆ ಅಲ್ಲೇ ಅರ್ಥವಾಗುತ್ತದೆ. ಊರಿಗೆ ಮರಳಿದ ಮೇಲೆ ಆತ ಮಾಡುವ ಮೊದಲ ಕೆಲಸ ಲೆಗ್ ಗಾರ್ಡಿಗೆ ಒಂದು ಜೊತೆ ಎಲ್‌ಇಡಿ ದೀಪ ಕಟ್ಟಿಸುವುದು. ದೀಪ ಕೊಳ್ಳುವುದು ಸುಲಭ. ಅದಕ್ಕೆ ಎಳೆದ ವೈರು ಒಂದು ಮಳೆಗಾಲ ಉಳಿಯುವುದು ಕಷ್ಟ. 12 ವೋಲ್ಟ್ ಬ್ಯಾಟರಿಯ ಸಾಮಾನ್ಯ ಬೈಕುಗಳನ್ನು ಗಮನದಲ್ಲಿ ಇಟ್ಟುಕೊಂಡು ಇಲ್ಲಿನ ಉತ್ತರಗಳನ್ನು ಬರೆಯಲಾಗಿದೆ.

ಹೆಚ್ಚುವರಿ ದೀಪ ನನಗೆ ನಿಜವಾಗಿಯೂ ಬೇಕೇ?

ಮೊದಲು ಇರುವ ಹೆಡ್‌ಲೈಟನ್ನು ನೋಡಿ. ಗಾಜಿನ ಒಳಗೆ ಮಂಕು ಕವಿದಿದ್ದರೆ, ಬೆಳಕಿನ ಕೋನ ತಪ್ಪಿ ಮರದ ತುದಿಯನ್ನೋ ಮುಂದಿನ ಚಕ್ರವನ್ನೋ ಬೆಳಗುತ್ತಿದ್ದರೆ, ಹೊಸ ದೀಪಕ್ಕೆ ಹಣ ಹಾಕುವ ಮೊದಲು ಅದನ್ನು ಸರಿಪಡಿಸಬೇಕು. ಹ್ಯಾಲೊಜನ್ ಬಲ್ಬಿನ ಬೈಕಾದರೆ ಇನ್ನೊಂದು ಪರೀಕ್ಷೆ ಇದೆ. ಎಂಜಿನ್ ಓಡುತ್ತಿರುವಾಗ, ದೀಪ ಉರಿಯುತ್ತಿರುವಾಗಲೇ, ಬ್ಯಾಟರಿಯ ತುದಿಗಳ ನಡುವಿನ ವೋಲ್ಟೇಜನ್ನೂ ಬಲ್ಬಿನ ಹೋಲ್ಡರಿಗೆ ತಲುಪುತ್ತಿರುವ ವೋಲ್ಟೇಜನ್ನೂ ಮಲ್ಟಿಮೀಟರಿನಿಂದ ಅಳೆಯಿರಿ. ಇವೆರಡರ ನಡುವೆ ಒಂದು ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ, ಹಳೆಯ ಸ್ವಿಚ್ಚು ಮತ್ತು ಸಣ್ಣ ವೈರುಗಳು ಬೆಳಕನ್ನು ದಾರಿಯಲ್ಲೇ ತಿಂದುಹಾಕುತ್ತಿವೆ ಎಂದರ್ಥ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜು ಶೇಕಡ 10ರಷ್ಟು ಕಡಿಮೆಯಾದರೆ ಬೆಳಕು ಶೇಕಡ 30ರಷ್ಟು ಕಡಿಮೆಯಾಗುತ್ತದೆ. ಇಂಥ ಬೈಕಿಗೆ ಹೆಡ್‌ಲೈಟಿಗೇ ಒಂದು ರಿಲೇ (ಬ್ಯಾಟರಿಯ ವಿದ್ಯುತ್ತನ್ನು ಹಳೆಯ ಸ್ವಿಚ್ಚಿನ ಮೂಲಕವಲ್ಲದೆ ನೇರವಾಗಿ ದೀಪಕ್ಕೆ ಬಿಡುವ ಉಪಕರಣ; ವಿವರ ಮುಂದಿದೆ) ಹಾಕಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಇದು ಕಾನೂನಿಗೆ ಒಪ್ಪಿಗೆಯೇ?

ಇದಕ್ಕೆ ‘ಹೌದು’ ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಮುಗಿಸುವವರನ್ನು ನಂಬಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದಲ್ಲಿ ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ ಕಾಯ್ದೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ ಅಥವಾ ಎರಡನ್ನೂ ವಿಧಿಸಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನಮಗೆ ನೇರವಾಗಿ ಸಂಬಂಧಿಸಿದವು ಎರಡು. 111ನೇ ನಿಯಮವು ನೋಂದಣಿ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ವಾಹನದ ಮುಂದೆ ಸ್ಪಾಟ್ ಲೈಟು, ಸರ್ಚ್ ಲೈಟುಗಳನ್ನು ಹಾಕುವುದನ್ನು ತಡೆಯುತ್ತದೆ. 106ನೇ ನಿಯಮವು ಬೆಳಕು ಶಾಶ್ವತವಾಗಿ ಕೆಳಕ್ಕೆ ಬಾಗಿರಬೇಕೆಂದೂ, ದೀಪದಿಂದ 8 ಮೀಟರ್ ಮುಂದೆ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಇರುವ ಕಣ್ಣನ್ನು ಅದು ಕುಕ್ಕಬಾರದೆಂದೂ ಹೇಳುತ್ತದೆ. ಮುಂದಕ್ಕೆ ಕೆಂಪು ಬೆಳಕು ತೋರಿಸುವುದಂತೂ ನಿಷಿದ್ಧ.

2024ರ ಜುಲೈಯಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದಾದ್ಯಂತ ಪ್ರಕರಣ ದಾಖಲಿಸಲು ಶುರುಮಾಡಿದರು. ನನಗೆ ಇದರಲ್ಲಿ ದೂರುವಂಥದ್ದೇನೂ ಕಾಣುವುದಿಲ್ಲ. ಎದುರಿನಿಂದ ಇಂಥ ಬೈಕು ಬಂದಾಗ ನಾನೂ ರಸ್ತೆಯ ಅಂಚು ಕಾಣದೆ ನಿಲ್ಲಿಸಿದ್ದೇನೆ. ಬೈಕಿನ ತಯಾರಕರೇ ಅಧಿಕೃತ ಬಿಡಿಭಾಗವಾಗಿ ಮಾರುವ ದೀಪವಿದ್ದರೆ ಮೊದಲ ಆಯ್ಕೆ ಅದಾಗಿರಲಿ. ಬೇರೆಯದನ್ನು ಹಾಕಿಸುವವರು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅದರ ಹೊಣೆ ತಮ್ಮದೇ ಎಂದು ತಿಳಿದು ಮುಂದುವರಿಯಬೇಕು.

ಬಿಳಿಯೋ ಹಳದಿಯೋ? ಸ್ಪಾಟೋ ಫಾಗೋ?

ದೂರಕ್ಕೆ ಕಿರಿದಾಗಿ ಹೋಗುವ ಬೆಳಕು ಸ್ಪಾಟ್. ಹತ್ತಿರದಲ್ಲೇ ಅಗಲವಾಗಿ ಹರಡಿ ಮೇಲಂಚು ಚಾಕುವಿನಿಂದ ಕತ್ತರಿಸಿದಂತೆ ನಿಲ್ಲುವುದು ಫಾಗ್. ಘಾಟಿಯ ತಿರುವುಗಳಲ್ಲಿ ಉಪಯೋಗಕ್ಕೆ ಬರುವುದು ಎರಡನೆಯದು, ಏಕೆಂದರೆ ಹೇರ್‌ಪಿನ್ ತಿರುವಿನಲ್ಲಿ ಬೈಕು ಮುಖ ಮಾಡಿರುವ ದಿಕ್ಕು ಒಂದು, ನೀವು ಹೋಗಬೇಕಾದ ದಿಕ್ಕು ಇನ್ನೊಂದು. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ಮಾತು ಅಂಗಡಿಯವರ ಬಾಯಲ್ಲಿ ಚಾಲ್ತಿಯಲ್ಲಿದೆ. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ದೊಡ್ಡವಾದ್ದರಿಂದ ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಹಳದಿಯಲ್ಲಿ ನೀಲಿಯ ಅಂಶ ಕಡಿಮೆ ಇರುವುದರಿಂದ ಹಿಂದಕ್ಕೆ ಬಡಿಯುವ ಬೆಳಕು ಕಣ್ಣಿಗೆ ಕಡಿಮೆ ಹಿಂಸೆ ಕೊಡುತ್ತದೆ, ಲಾಭ ಅಷ್ಟರದ್ದೇ. ದೀಪ ಕೆಳಗಿರುವುದು ಮತ್ತು ಬೆಳಕಿನ ಮೇಲಂಚು ಸ್ಪಷ್ಟವಾಗಿರುವುದು ಬಣ್ಣಕ್ಕಿಂತ ಮುಖ್ಯ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬಿಳಿ ಗೋಡೆ ಎದುರಿಗೆ ನಿಂತಂತಾಗುತ್ತದೆ, ಅದರ ಬಣ್ಣ ಯಾವುದೇ ಇರಲಿ.

ನನ್ನ ಬೈಕು ಎಷ್ಟು ವ್ಯಾಟ್ ತಡೆಯುತ್ತದೆ?

ಹೆಚ್ಚಿನವರು ಬ್ಯಾಟರಿಯನ್ನು ನೋಡಿ ಲೆಕ್ಕ ಹಾಕುತ್ತಾರೆ, ಆದರೆ ಓಡುವ ಬೈಕಿನಲ್ಲಿ ದೀಪ ಉರಿಸುವುದು ಸ್ಟೇಟರ್. ಎಂಜಿನ್ನಿನೊಳಗಿನ ಸ್ಟೇಟರ್ ಸುರುಳಿಗಳಲ್ಲಿ ಹುಟ್ಟುವ ಎಸಿ ವಿದ್ಯುತ್ತನ್ನು ರೆಗ್ಯುಲೇಟರ್-ರೆಕ್ಟಿಫೈಯರ್ ಡಿಸಿ ಮಾಡಿ, ವೋಲ್ಟೇಜನ್ನು 14ರ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಅದರಲ್ಲಿ ಎಂಜಿನ್ನಿನ ಇಗ್ನಿಷನ್, ಫ್ಯುಯೆಲ್ ಪಂಪು, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರು), ಹೆಡ್‌ಲೈಟು, ಹಿಂದಿನ ದೀಪ ಇವೆಲ್ಲ ತಮ್ಮ ಪಾಲನ್ನು ತೆಗೆದುಕೊಂಡ ಮೇಲೆ ಉಳಿಯುವುದಷ್ಟೇ ನಿಮ್ಮ ಹೊಸ ದೀಪಗಳಿಗೆ ಸಿಗುವುದು. ಸ್ಟೇಟರಿನ ಗರಿಷ್ಠ ವ್ಯಾಟ್ ಸರ್ವಿಸ್ ಪುಸ್ತಕದಲ್ಲಿ ಇದ್ದರೂ ಅದು ಹೆಚ್ಚಿನ ಆರ್‌ಪಿಎಂಗೆ ಕೊಟ್ಟ ಅಂಕಿ. ಐಡ್ಲಿಂಗಿನಲ್ಲಿ ಅದರ ಒಂದು ಭಾಗ ಮಾತ್ರ ಹುಟ್ಟುತ್ತದೆ.

ಹಾಗಾಗಿ ಕಾಗದದ ಲೆಕ್ಕಕ್ಕಿಂತ ಅಳತೆ ಒಳ್ಳೆಯದು. ಎಂಜಿನ್ ಚಾಲೂ ಮಾಡಿ, ಹೈಬೀಮ್ ಹಾಕಿ, ಬ್ರೇಕ್ ಹಿಡಿದು, ಸುಮಾರು 3,000 ಆರ್‌ಪಿಎಂನಲ್ಲಿ ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜು ನೋಡಿ. ಅನಂತರ ಹೊಸ ದೀಪಗಳನ್ನು ತಾತ್ಕಾಲಿಕವಾಗಿ, ಫ್ಯೂಸ್ ಸಮೇತ, ಬ್ಯಾಟರಿಗೆ ಜೋಡಿಸಿ ಮತ್ತೆ ನೋಡಿ. 13.5ರ ಮೇಲೆಯೇ ನಿಂತರೆ ನೆಮ್ಮದಿ. 13ರ ಕೆಳಗೆ ಇಳಿದರೆ ಆ ದೀಪಗಳು ನಿಮ್ಮ ಬೈಕಿಗೆ ಹೆಚ್ಚಾದವು. ಐಡ್ಲಿಂಗಿನಲ್ಲಿ 12.6ರ ಕೆಳಕ್ಕೆ ಹೋಗುತ್ತಿದ್ದರೆ, ಬೆಂಗಳೂರಿನ ಸಿಲ್ಕ್ ಬೋರ್ಡಿನಂಥ ಟ್ರಾಫಿಕ್ ಜಾಮಿನ ಜಾಗದಲ್ಲಿ ನಿಂತಾಗ ದೀಪವನ್ನು ಆರಿಸುವ ಅಭ್ಯಾಸ ಬೇಕು, ಏಕೆಂದರೆ ಆಗ ಉರಿಯುತ್ತಿರುವುದು ಬ್ಯಾಟರಿಯ ಉಳಿತಾಯ.

‘ಹೆಚ್ಚುವರಿ ದೀಪ ಹಾಕಿದರೆ ಸ್ಟೇಟರ್ ಸುಟ್ಟುಹೋಗುತ್ತದೆ’ ಎಂಬ ಮಾತನ್ನೂ ಇಲ್ಲೇ ಪರಿಶೀಲಿಸಬಹುದು. ಬಹುಪಾಲು ಬೈಕುಗಳಲ್ಲಿ ಇರುವುದು ಷಂಟ್ ಮಾದರಿಯ ರೆಗ್ಯುಲೇಟರ್. ಬೇಡದ ವಿದ್ಯುತ್ತನ್ನು ಅದು ಷಾರ್ಟ್ ಮಾಡಿ ಸ್ಟೇಟರಿಗೇ ಮರಳಿಸುತ್ತದೆ. ಅಂದರೆ ದೀಪ ಇರಲಿ ಬಿಡಲಿ ಸ್ಟೇಟರ್ ಯಾವಾಗಲೂ ಪೂರ್ತಿ ದುಡಿಯುತ್ತಲೇ ಇರುತ್ತದೆ. ಇಂಥ ಬೈಕಿನಲ್ಲಿ ಮಿತಿಯೊಳಗಿನ ದೀಪಗಳಿಂದ ಅದಕ್ಕೆ ಹೊಸ ಹೊರೆಯೇನೂ ಬೀಳುವುದಿಲ್ಲ. ಮಿತಿ ಮೀರಿದರೆ ಮೊದಲು ಸೊರಗುವುದು ಬ್ಯಾಟರಿ. 8 ಆಂಪಿಯರ್-ಅವರ್ ಬ್ಯಾಟರಿಯ ಮೇಲೆ ಎಂಜಿನ್ ಆರಿಸಿ 40 ವ್ಯಾಟ್ ದೀಪ ಉರಿಸಿದರೆ ಸುಮಾರು ಒಂದೂಕಾಲು ಗಂಟೆಗೆ ಅದು ಅರ್ಧ ಖಾಲಿಯಾಗಿರುತ್ತದೆ. ಕಿಕ್ ಇಲ್ಲದ ಬೈಕು ಅಲ್ಲಿಂದಾಚೆ ಸ್ಟಾರ್ಟ್ ಆಗುವುದು ಅದೃಷ್ಟದ ಮಾತು.

ಡಬ್ಬದ ಮೇಲೆ 120 ವ್ಯಾಟ್ ಎಂದಿದೆ. ಹಾಕಬಹುದೇ?

ಅಂಗೈಯಗಲದ ದೀಪವೊಂದು ಫ್ಯಾನಿಲ್ಲದೆ 120 ವ್ಯಾಟಿನ ಬಿಸಿಯನ್ನು ಹೊರಹಾಕಲಾರದು. ಆಮೀಟರನ್ನು ಸರಣಿಯಲ್ಲಿ ಹಾಕಿ ನೋಡಿ: 13.5 ವೋಲ್ಟಿನಲ್ಲಿ 1.5 ಆಂಪಿಯರ್ ಎಳೆದರೆ ಅದು 20 ವ್ಯಾಟಿನ ದೀಪ, ಡಬ್ಬದ ಮೇಲೆ ಏನು ಬರೆದಿದ್ದರೂ ಸರಿ. ಫ್ಯೂಸು, ವೈರು ಎಲ್ಲವನ್ನೂ ಹೀಗೆ ಅಳೆದ ಆಂಪಿಯರಿನ ಮೇಲೆಯೇ ನಿರ್ಧರಿಸಬೇಕು. ನನ್ನ ಅನುಭವದಲ್ಲಿ ನಿಜವಾದ 20 ವ್ಯಾಟಿನ ಎರಡು ದೀಪ, ಒಳ್ಳೆಯ ಲೆನ್ಸ್ ಇದ್ದರೆ, ಶಿರಾಡಿಗೂ ಆಗುಂಬೆಗೂ ಸಾಕು.

ನೇರವಾಗಿ ಸ್ವಿಚ್ಚಿಗೆ ಕೊಡಬಾರದೇ? ರಿಲೇ ಏಕೆ?

ಮೂರು ಆಂಪಿಯರಿನ ಎಲ್‌ಇಡಿ ಜೋಡಿಗೆ ಒಳ್ಳೆಯ ಸ್ವಿಚ್ಚೊಂದು ನೇರವಾಗಿಯೇ ಸಾಕಾಗುತ್ತದೆ ಎಂದು ವಾದಿಸಬಹುದು. ಆ ವಾದ ತಪ್ಪಲ್ಲ. ಆದರೆ ಹ್ಯಾಂಡಲ್ಲಿಗೆ ಕಟ್ಟುವ ಅಗ್ಗದ ಸ್ವಿಚ್ಚುಗಳ ಒಳಗಿನ ಸಂಪರ್ಕಗಳು ಬಹಳ ಸಣ್ಣವು, ಮಳೆನೀರು ಹೊಕ್ಕು ಕಿಲುಬು ಹಿಡಿದರೆ ಮೂರು ಆಂಪಿಯರಿಗೂ ಬಿಸಿಯಾಗುತ್ತವೆ. ರಿಲೇ ಎಂದರೆ ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಬಿಟ್ಟು ಹಿಡಿಯುವ ಉಪಕರಣ. ಅದರ ಸುರುಳಿಗೆ ಬೇಕಾಗುವುದು ಆಂಪಿಯರಿನ ಏಳನೇ ಒಂದು ಭಾಗದಷ್ಟು. ಹ್ಯಾಂಡಲ್‌ವರೆಗೆ ಹೋಗಿ ಬರುವ ಉದ್ದದ ವೈರಿನಲ್ಲಿ ಅಷ್ಟೇ ಹರಿಯುತ್ತದೆ, ದೀಪದ ಹೊರೆ ಬ್ಯಾಟರಿಯಿಂದ ರಿಲೇ ಮೂಲಕ ನೇರ ದೀಪಕ್ಕೆ ಸಾಗುತ್ತದೆ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದು: ಕೀಲಿ ತೆಗೆದ ಕೂಡಲೇ ರಿಲೇ ಬಿಡುವಂತೆ ಜೋಡಿಸಿದರೆ ದೀಪ ಆರಿಸಲು ಮರೆತು ಬ್ಯಾಟರಿ ಇಳಿಯುವ ಪ್ರಸಂಗವೇ ಬರುವುದಿಲ್ಲ.

ಅಂಗಡಿಯಲ್ಲಿ ಸಿಗುವ ಸಾಮಾನ್ಯ ರಿಲೇಯ ಕಾಲುಗಳ ಬಳಿ ಅಂಕಿಗಳಿರುತ್ತವೆ. 30 ಎಂಬ ಕಾಲಿಗೆ ಬ್ಯಾಟರಿಯ ಪಾಸಿಟಿವ್, ಫ್ಯೂಸ್ ದಾಟಿ ಬರಬೇಕು. 87ರಿಂದ ದೀಪಗಳ ಪಾಸಿಟಿವ್ ಹೊರಡಬೇಕು. 86ಕ್ಕೆ ಸ್ವಿಚ್ಚಿನಿಂದ ಬರುವ ವೈರು, 85ಕ್ಕೆ ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವಿಗೆ ಮರಳುವ ವೈರು. ಐದನೆಯ ಕಾಲು 87ಎ ಇದ್ದರೆ ಅದನ್ನು ಮುಟ್ಟದೆ ಟೇಪು ಸುತ್ತಿ ಬಿಡಿ. ರಿಲೇ ಎಳೆಯದೆ ಇರುವಾಗ 30ಕ್ಕೆ ಅಂಟಿಕೊಂಡಿರುವುದು ಅದೇ. ತಪ್ಪಿ ದೀಪದ ವೈರನ್ನು ಅದಕ್ಕೆ ಸಿಕ್ಕಿಸಿದರೆ ಸ್ವಿಚ್ ಹಾಕಿದಾಗ ಆರಿ, ತೆಗೆದಾಗ ಉರಿಯುವ ವಿಚಿತ್ರ ದೀಪ ನಿಮ್ಮದಾಗುತ್ತದೆ.

85, 86 ಅದಲುಬದಲಾದರೆ ತೊಂದರೆಯೇ?

ಸಾದಾ ರಿಲೇಗೆ ತೊಂದರೆಯಿಲ್ಲ. ಒಳಗೆ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇಯಲ್ಲಿ ಅದಲುಬದಲಾದರೆ ನೇರ ಷಾರ್ಟ್. ಸುರುಳಿ ಬಿಡುವ ಕ್ಷಣದಲ್ಲಿ ಏಳುವ ಹಿಮ್ಮುಖ ವೋಲ್ಟೇಜನ್ನು ಹೀರಲು ಆ ಡಯೋಡ್ ಬೇಕು. ಇಸಿಯು ಇರುವ ಬೈಕಿಗೆ ಅಂಥ ರಿಲೇಯನ್ನೇ ಆರಿಸಿ, 86 ಪಾಸಿಟಿವ್ ಮತ್ತು 85 ಅರ್ತ್ ಎಂಬ ಕ್ರಮವನ್ನು ತಪ್ಪದೆ ಪಾಲಿಸಿ.

86ಕ್ಕೆ ವಿದ್ಯುತ್ ಎಲ್ಲಿಂದ ತರಬೇಕು?

ಇಡೀ ಕೆಲಸದಲ್ಲಿ ಯೋಚಿಸಿ ನಿರ್ಧರಿಸಬೇಕಾದದ್ದು ಇದೇ, ಏಕೆಂದರೆ ದೀಪ ಯಾವಾಗ ಉರಿಯಬಹುದು ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಸ್ಪಾಟ್ ದೀಪಗಳಾದರೆ ಹೈಬೀಮಿನ ವೈರಿನಿಂದ ತೆಗೆದು, ನಡುವೆ ಒಂದು ಸ್ವಿಚ್ ಇಡಿ. ಎದುರಿಗೆ ವಾಹನ ಬಂದಾಗ ನೀವು ಡಿಮ್ ಮಾಡಿದ ಕೂಡಲೇ ಹೆಚ್ಚುವರಿ ದೀಪವೂ ತಾನಾಗಿ ಆರುತ್ತದೆ, ಎರಡು ಗುಂಡಿ ಹುಡುಕುವ ಕೆಲಸವಿಲ್ಲ. ಸ್ಪಾಟ್ ದೀಪವನ್ನು ಬೇರೆ ರೀತಿ ಜೋಡಿಸಿಕೊಡಿ ಎನ್ನುವವರಿಗೆ ನಾನು ಜೋಡಿಸಿಕೊಡುವುದಿಲ್ಲ. ಕೆಳಮುಖವಾದ ಫಾಗ್ ದೀಪಗಳಾದರೆ ಹಿಂದಿನ ದೀಪದ ಅಥವಾ ಪೈಲಟ್ ದೀಪದ ವೈರಿನಿಂದ ತೆಗೆಯಬಹುದು. 2017ರ ಏಪ್ರಿಲ್ 1ರಿಂದ ಬಂದ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಾಗ ಹೆಡ್‌ಲೈಟ್ ತಾನಾಗಿ ಉರಿಯುವ ವ್ಯವಸ್ಥೆ ಕಡ್ಡಾಯವಾದ್ದರಿಂದ, ಅಂಥ ಬೈಕಿನಲ್ಲಿ ಈ ವೈರುಗಳು ಎಂಜಿನ್ ನಿಂತಾಗ ಅಥವಾ ಕೀಲಿ ತೆಗೆದಾಗ ಖಾಲಿಯಾಗುತ್ತವೆ.

ಮೂರು ಕಡೆ ಎಚ್ಚರ ಬೇಕು. ಹಳೆಯ ಕಮ್ಯೂಟರ್ ಬೈಕುಗಳಲ್ಲಿ ಹೆಡ್‌ಲೈಟು ಬ್ಯಾಟರಿಯಿಂದಲ್ಲದೆ ಸ್ಟೇಟರಿನಿಂದ ನೇರವಾಗಿ ಎಸಿಯಲ್ಲೇ ಉರಿಯುತ್ತದೆ. ಆ ವೈರಿಗೆ ರಿಲೇ ಕೊಟ್ಟರೆ ಅದು ಜೀರುಂಡೆಯಂತೆ ಗಿರ್ ಎನ್ನುತ್ತದೆ. ಅಂಥದರಲ್ಲಿ ಹಾರ್ನಿನ ಅಥವಾ ಬ್ರೇಕ್ ಸ್ವಿಚ್ಚಿನ ಪಾಸಿಟಿವ್ ಬದಿಯಿಂದ, ಅದು ಕೀಲಿಯ ನಂತರದ ಡಿಸಿ ಎಂದು ಅಳೆದು ಖಚಿತಪಡಿಸಿಕೊಂಡು, ತೆಗೆಯಿರಿ. ಎಲ್‌ಇಡಿ ಹೆಡ್‌ಲೈಟ್ ಇರುವ ಬೈಕಿನಲ್ಲಿ ದೀಪದ ಒಳಗಿನ ವೈರನ್ನು ಮುಟ್ಟದೆ, ಅದಕ್ಕೆ ಬರುವ ಹೈಬೀಮ್ ವೈರನ್ನು ಬಳಸಬೇಕು. ಇನ್ನು ಕ್ಯಾನ್ ಬಸ್ ವ್ಯವಸ್ಥೆಯ (ಬೈಕಿನ ಭಾಗಗಳು ಒಂದಕ್ಕೊಂದು ಸಂದೇಶ ಕಳಿಸುವ ಜಾಲ) ದುಬಾರಿ ಬೈಕುಗಳಲ್ಲಿ ಕಂಪ್ಯೂಟರು ಪ್ರತಿ ದೀಪದ ಹೊರೆಯನ್ನು ಲೆಕ್ಕವಿಟ್ಟಿರುತ್ತದೆ. ಅಲ್ಲಿ ವೈರು ಕೊಯ್ಯುವ ಬದಲು ತಯಾರಕರು ಕೊಟ್ಟ ಆಕ್ಸೆಸರಿ ಪ್ಲಗ್ಗನ್ನು ಹುಡುಕಿ. ಇಸಿಯು, ಎಬಿಎಸ್ ಮತ್ತು ಫ್ಯುಯೆಲ್ ಪಂಪಿನ ವೈರುಗಳಿಂದ ಯಾವ ಬೈಕಿನಲ್ಲೂ ಏನನ್ನೂ ಕವಲು ತೆಗೆಯಬಾರದು.

ಫ್ಯೂಸ್ ಎಷ್ಟರದು, ಎಲ್ಲಿ?

ಫ್ಯೂಸ್ ಕಾಯುವುದು ವೈರನ್ನು. ದೀಪ ಕೆಟ್ಟರೆ ದೀಪ ಹೋಗುತ್ತದೆ, ವೈರು ಫ್ರೇಮಿಗೆ ತಾಗಿದರೆ ಬೈಕೇ ಹೋಗಬಹುದು. ಆದ್ದರಿಂದ ಅದರ ಜಾಗ ಬ್ಯಾಟರಿಯ ಪಾಸಿಟಿವ್ ತುದಿಗೆ ಒಂದು ಗೇಣಿನೊಳಗೆ. ದೀಪದ ಹತ್ತಿರ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ಕಾವಲೇ ಇಲ್ಲದಂತಾಗುತ್ತದೆ. ಅಳೆದ ಹೊರೆಗೆ ಕಾಲು ಭಾಗ ಅಥವಾ ಅರ್ಧ ಭಾಗ ಸೇರಿಸಿ, ಅದಕ್ಕಿಂತ ಮೇಲಿನ ಹತ್ತಿರದ ಫ್ಯೂಸ್ ಆರಿಸಿ: ಮೂರು ಆಂಪಿಯರಿನ ಎಲ್‌ಇಡಿ ಜೋಡಿಗೆ 5 ಆಂಪಿಯರಿನದು, 55 ವ್ಯಾಟಿನ ಎರಡು ಹ್ಯಾಲೊಜನ್ ದೀಪಗಳಿಗೆ ಸುಮಾರು 8 ಆಂಪಿಯರ್ ಬೇಕಾಗುವುದರಿಂದ 15 ಆಂಪಿಯರಿನ ನೀಲಿ ಬ್ಲೇಡ್ ಫ್ಯೂಸ್. ಪದೇ ಪದೇ ಫ್ಯೂಸ್ ಹಾರುತ್ತಿದೆ ಎಂದು 5ರ ಜಾಗಕ್ಕೆ 20 ಹಾಕಿದರೆ ಮುಂದಿನ ಸಲ ಹಾರುವುದು ಫ್ಯೂಸ್ ಆಗಿರುವುದಿಲ್ಲ.

ನಾನು ಮೊದಲ ಸಲ ದೀಪ ಕಟ್ಟಿಸಿದಾಗ ಕಟ್ಟಿದವರು ಫ್ಯೂಸನ್ನೇ ಹಾಕಿರಲಿಲ್ಲ, ನಾನೂ ಕೇಳಲಿಲ್ಲ. ಮೂರನೇ ತಿಂಗಳು ಟ್ಯಾಂಕಿನ ಕೆಳಗೆ ವೈರಿನ ಸಿಪ್ಪೆ ಸವೆದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಹೆಲ್ಮೆಟ್ಟಿನೊಳಕ್ಕೆ ಬಂತು. ಪೆಟ್ರೋಲ್ ಟ್ಯಾಂಕಿನ ಕೆಳಗೆ ಎಂಬುದನ್ನು ಮತ್ತೆ ಓದಿ.

ವೈರು ಎಷ್ಟು ದಪ್ಪ ಇರಬೇಕು?

ಒಂದು ಚದರ ಮಿಲಿಮೀಟರ್ ತಾಮ್ರದ ವೈರಿಗೆ ಮೀಟರಿಗೆ 0.017 ಓಮ್ ತಡೆ ಇರುತ್ತದೆ. ಬ್ಯಾಟರಿಯಿಂದ ದೀಪಕ್ಕೆ ಒಂದೂವರೆ ಮೀಟರ್ ಎಂದರೆ, ಹೋಗಿ ಬರುವ ದಾರಿ ಮೂರು ಮೀಟರ್; ಮರಳುವ ದಾರಿಯನ್ನು ಲೆಕ್ಕಕ್ಕೆ ಹಿಡಿಯಲು ಮರೆಯುವವರೇ ಹೆಚ್ಚು. ಅರ್ಧ ಚದರ ಮಿಲಿಮೀಟರ್ ವೈರಿನಲ್ಲಿ ಮೂರು ಆಂಪಿಯರ್ ಹರಿದರೆ ನಷ್ಟ 0.3 ವೋಲ್ಟ್, ಎಲ್‌ಇಡಿ ಅದನ್ನು ಲೆಕ್ಕಿಸುವುದಿಲ್ಲ. ಅದೇ ವೈರಿನಲ್ಲಿ ಹ್ಯಾಲೊಜನ್ ಜೋಡಿಯ ಎಂಟು ಆಂಪಿಯರ್ ಹರಿದರೆ ನಷ್ಟ 0.8 ವೋಲ್ಟ್, ಬೆಳಕಿನ ಐದನೇ ಒಂದು ಭಾಗ ಮಾಯ. ಎಲ್‌ಇಡಿಗೆ 1, ಹ್ಯಾಲೊಜನ್ ಜೋಡಿಗೆ 1.5 ಚದರ ಮಿಲಿಮೀಟರ್ ಇಟ್ಟುಕೊಂಡರೆ ಸರಿಹೋಗುತ್ತದೆ. ದಪ್ಪ ಬೇಕಿರುವುದು ಬರೀ ವಿದ್ಯುತ್ತಿಗಲ್ಲ. ತೀರಾ ಸಣ್ಣ ವೈರು ಬೈಕಿನ ನಡುಕಕ್ಕೆ ಕನೆಕ್ಟರಿನ ಬುಡದಲ್ಲಿ ಮುರಿಯುತ್ತದೆ. ಮನೆಯ ವೈರಿಂಗಿನಲ್ಲಿ ಉಳಿದ ತುಂಡನ್ನು ಬಳಸಬೇಡಿ. ಅದರ ಎಳೆಗಳು ಕಡಿಮೆ, ದಪ್ಪ, ಬಿಗಿ. ವಾಹನದ ವೈರಿನ ಎಳೆಗಳು ಹೆಚ್ಚು, ಸಣ್ಣ, ಬಳುಕುವಂಥವು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಗಳಲ್ಲಿ ಇದು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಅರ್ತ್ ವೈರನ್ನು ಲೆಗ್ ಗಾರ್ಡಿಗೇ ಕೊಟ್ಟರೆ ಆಗದೇ?

ಮೊದಲ ದಿನ ಆಗುತ್ತದೆ. ಲೆಗ್ ಗಾರ್ಡಿನ ಮೇಲೆ ಪೌಡರ್ ಕೋಟಿಂಗ್ ಇದೆ, ಅದನ್ನು ಫ್ರೇಮಿಗೆ ಹಿಡಿದಿರುವ ಬೋಲ್ಟಿನ ಸುತ್ತ ತುಕ್ಕು ಬರುತ್ತದೆ, ಉಡುಪಿ, ಕಾರವಾರದ ಕಡೆಯ ಉಪ್ಪುಗಾಳಿಯಲ್ಲಂತೂ ಬೇಗನೇ ಬರುತ್ತದೆ. ನಾನು ನೋಡಿದ ‘ದೀಪ ಮಿಣುಕುತ್ತದೆ’ ಎಂಬ ದೂರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಗಿದದ್ದು ಅರ್ತ್ ವೈರನ್ನು ಬ್ಯಾಟರಿಯ ನೆಗೆಟಿವ್ ತುದಿಗೇ ಎಳೆದಾಗ. ಪಾಸಿಟಿವ್ ಎಷ್ಟು ದಪ್ಪವೋ ಅರ್ತೂ ಅಷ್ಟೇ ದಪ್ಪ ಇರಲಿ.

ಬೆಸುಗೆಯೋ ಕ್ರಿಂಪೋ?

ಕ್ರಿಂಪ್, ಅಂದರೆ ಲೋಹದ ತುದಿಯನ್ನು ವೈರಿನ ಮೇಲೆ ಒತ್ತಿ ಬಿಗಿಯುವುದು, ಆದರೆ ಸರಿಯಾದ ಇಕ್ಕಳದಿಂದ. ಬೆಸುಗೆಯ ಸೀಸ ವೈರಿನೊಳಗೆ ಹರಿದು ಅಷ್ಟುದ್ದ ಕಡ್ಡಿಯಂತೆ ಬಿಗಿಯಾಗುತ್ತದೆ, ಆ ಕಡ್ಡಿ ಮುಗಿಯುವ ಜಾಗದಲ್ಲೇ ನಡುಕಕ್ಕೆ ಎಳೆಗಳು ತುಂಡಾಗುತ್ತವೆ. ಬೆಸುಗೆ ಹಾಕಲೇಬೇಕಾದರೆ ಅದರ ಎರಡೂ ಬದಿ ಅಲುಗದಂತೆ ಕಟ್ಟಿ. ವೈರು ಕೊಯ್ಯದೆ ಮೇಲಿಂದ ಕಚ್ಚಿಸುವ ಕನೆಕ್ಟರುಗಳು ಎರಡು ನಿಮಿಷದಲ್ಲಿ ಕೆಲಸ ಮುಗಿಸುತ್ತವೆ ನಿಜ, ಆದರೆ ಕಚ್ಚಿದ ಜಾಗದಿಂದ ನೀರು ಹೊಕ್ಕು ಬೈಕಿನ ಮೂಲ ವೈರೇ ಹಸಿರುಗಟ್ಟುತ್ತದೆ. ಇನ್ಸುಲೇಷನ್ ಟೇಪೊಂದನ್ನೇ ನಂಬಿದ ಕೀಲುಗಳು ಬೇಸಿಗೆಯಲ್ಲಿ ಗೋಂದು ಕರಗಿ ಬಿಚ್ಚಿಕೊಳ್ಳುತ್ತವೆ. ಬಿಸಿ ಮಾಡಿದಾಗ ಕುಗ್ಗಿ ಕೀಲನ್ನು ಮುಚ್ಚುವ, ಒಳಗೆ ಗೋಂದು ಇರುವ ಹೀಟ್ ಶ್ರಿಂಕ್ ಕೊಳವೆ ಕೆಲವೇ ರೂಪಾಯಿಗಳ ವಸ್ತು, ಅದನ್ನೇ ಹಾಕಿ.

ವೈರನ್ನು ಯಾವ ದಾರಿಯಲ್ಲಿ ಎಳೆಯಬೇಕು?

ಬೈಕಿನ ಮೂಲ ಹಾರ್ನೆಸ್ (ವೈರುಗಳ ಕಟ್ಟು) ಹೋದ ದಾರಿಯಲ್ಲೇ. ಕೆಲಸ ಶುರುಮಾಡುವಾಗ ಬ್ಯಾಟರಿಯ ನೆಗೆಟಿವನ್ನು ಮೊದಲು ಬಿಚ್ಚಿ, ಮುಗಿದಾಗ ಕೊನೆಗೆ ಜೋಡಿಸಿ; ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರು ಫ್ರೇಮಿಗೆ ತಾಗಿದರೂ ಆಗ ಕಿಡಿ ಹಾರದು. ಸೈಲೆನ್ಸರಿನ ಬೆಂಡಿನಿಂದ ಒಂದು ಗೇಣು ದೂರವಿರಿ. ಹ್ಯಾಂಡಲ್ಲಿಗೆ ಹೋಗುವ ವೈರಿಗೆ ಸ್ಟಿಯರಿಂಗ್ ತಲೆಯ ಬಳಿ ಸಡಿಲ ಬಿಟ್ಟು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಮುಂದಿನ ಸಸ್ಪೆನ್ಷನ್ ಒತ್ತಿ, ಎಲ್ಲೂ ಬಿಗಿಯುತ್ತಿಲ್ಲ ಎಂದು ನೋಡಿ. ಬ್ರೇಕ್ ಹೋಸಿಗಾಗಲಿ ಆಕ್ಸಿಲರೇಟರ್ ಕೇಬಲ್ಲಿಗಾಗಲಿ ವೈರನ್ನು ಕಟ್ಟಬೇಡಿ. ಲೋಹದ ಅಂಚು ದಾಟುವಲ್ಲೆಲ್ಲ ವೈರಿಗೆ ರಕ್ಷಣೆಯ ಕೊಳವೆ (ಸ್ಲೀವ್) ಹಾಕಿ.

ಮಳೆಗಾಲಕ್ಕೆ ವಿಶೇಷ ಸಿದ್ಧತೆ ಬೇಕೇ?

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ದಾರಿಯಲ್ಲಿ ಓಡಾಡುವವರಿಗೆ ಬೇಕು. ರಿಲೇಯನ್ನು ಸೀಟಿನ ಕೆಳಗೆ, ಕಾಲುಗಳು ಕೆಳಮುಖವಾಗಿರುವಂತೆ ಕಟ್ಟಿ. ದೀಪಕ್ಕೂ ಕನೆಕ್ಟರಿಗೂ ಹೋಗುವ ವೈರು ಮೊದಲು ಕೆಳಕ್ಕೆ ಜೋತು ಆಮೇಲೆ ಮೇಲೇರಲಿ, ಹರಿದು ಬರುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಕನೆಕ್ಟರಿನೊಳಗೆ ನೀರು ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ದೀಪದ ಮೇಲೆ ಐಪಿ67 ಎಂದು ಬರೆದಿದ್ದರೂ ವಾಟರ್ ಸರ್ವಿಸ್ ಮಾಡುವವರ ಪ್ರೆಷರ್ ಗನ್ನನ್ನು ಅದರ ಹತ್ತಿರ ಬಿಡಬೇಡಿ. ಆ ಗುರುತು ನಿಂತ ನೀರಿನಲ್ಲಿ ಮುಳುಗಿಸಿದ್ದಕ್ಕೆ ಸಂಬಂಧಿಸಿದ್ದು.

ಕೋನ ಹೊಂದಿಸುವುದು ಹೇಗೆ?

ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 7.5 ಮೀಟರ್ ದೂರದಲ್ಲಿ ಬೈಕು ನಿಲ್ಲಿಸಿ, ಟೈರಿನ ಗಾಳಿ ಸರಿಯಾಗಿರಲಿ, ನೀವು ಸಾಮಾನ್ಯವಾಗಿ ಹೊರುವ ಸಾಮಾನಿನೊಂದಿಗೆ ಅದರ ಮೇಲೆ ಕುಳಿತುಕೊಳ್ಳಿ. ದೀಪದ ನಡುಮಧ್ಯ ನೆಲದಿಂದ ಎಷ್ಟು ಎತ್ತರವಿದೆಯೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಗೆರೆ ಎಳೆಯಿರಿ. ಫಾಗ್ ದೀಪದ ಬೆಳಕಿನ ಮೇಲಂಚು ಆ ಗೆರೆಗಿಂತ ಸುಮಾರು 15 ಸೆಂಟಿಮೀಟರ್ ಕೆಳಗೆ ಬೀಳಬೇಕು. ಸ್ಪಾಟ್ ದೀಪವಾದರೆ ಅದರ ಪ್ರಖರ ಭಾಗ ಏಳೆಂಟು ಸೆಂಟಿಮೀಟರ್ ಕೆಳಗಿರಲಿ. ಒಬ್ಬರೇ ಕುಳಿತು ಹೊಂದಿಸಿದ ಕೋನ ಹಿಂದೆ ಇನ್ನೊಬ್ಬರು ಕುಳಿತಾಗ ಮೇಲೇಳುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಕೊನೆಯಲ್ಲಿ ಸ್ನೇಹಿತರೊಬ್ಬರನ್ನು ಬೈಕಿನ ಮೇಲೆ ಕೂರಿಸಿ, ನೀವು ಎದುರಿನಿಂದ ನಡೆದು ಬನ್ನಿ.

ವಾರಂಟಿ ಹೋಗುತ್ತದೆಯೇ?

ಮೂಲ ಹಾರ್ನೆಸ್ಸನ್ನು ಕೊಯ್ದಿದ್ದರೆ ವಿದ್ಯುತ್ ಭಾಗಗಳ ವಾರಂಟಿಯನ್ನು ಸರ್ವಿಸ್ ಸೆಂಟರಿನವರು ನಿರಾಕರಿಸಬಹುದು. ಮೂಲ ಪ್ಲಗ್ಗಿಗೆ ಹೊಂದುವ ಕವಲು ಕನೆಕ್ಟರ್ ಬಳಸಿದರೆ ಏನನ್ನೂ ಕೊಯ್ಯದೆ ಸಿಗ್ನಲ್ ತೆಗೆಯಬಹುದು, ಬೇಕೆಂದಾಗ ಬಿಚ್ಚಿಡಲೂಬಹುದು.

ಸ್ವಿಚ್ ಹಾಕಿದರೆ ‘ಟಿಕ್’ ಎನ್ನುತ್ತದೆ, ದೀಪ ಹತ್ತುವುದಿಲ್ಲ. ಎಲ್ಲಿ ನೋಡಲಿ?

ಟಿಕ್ ಎಂದರೆ 85, 86ರ ದಾರಿ ಸರಿಯಿದೆ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಮೇಲಿಟ್ಟು, ಕೆಂಪು ಕಡ್ಡಿಯಿಂದ ಕ್ರಮವಾಗಿ 30, 87, ಆಮೇಲೆ ದೀಪದ ಪಾಸಿಟಿವ್ ಮುಟ್ಟಿ. 30ರಲ್ಲಿ 12 ವೋಲ್ಟ್ ಇಲ್ಲದಿದ್ದರೆ ಫ್ಯೂಸ್, 30ರಲ್ಲಿದ್ದು 87ರಲ್ಲಿ ಇಲ್ಲದಿದ್ದರೆ ರಿಲೇ, 87ರಲ್ಲಿದ್ದು ದೀಪದ ಬಳಿ ಇಲ್ಲದಿದ್ದರೆ ನಡುವಿನ ಕೀಲು. ಎಲ್ಲ ಕಡೆ ಇದ್ದೂ ದೀಪ ಹತ್ತದಿದ್ದರೆ ಅರ್ತ್ ನೋಡಿ. ಟಿಕ್ ಎಂಬ ಸದ್ದೇ ಇಲ್ಲದಿದ್ದರೆ ಸ್ವಿಚ್ಚಿನಿಂದ 86ಕ್ಕೆ ವಿದ್ಯುತ್ ಬರುತ್ತಿದೆಯೇ ಎಂಬಲ್ಲಿಂದ ಶುರುಮಾಡಿ.

ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತದೆ. ದೀಪಗಳೇ ಕಾರಣವೇ?

ಊಹಿಸದೆ ಅಳೆಯಿರಿ. ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆ ಜಾಗದಲ್ಲಿ ಮಲ್ಟಿಮೀಟರನ್ನು ಆಂಪಿಯರ್ ಸ್ಥಾನಕ್ಕಿಟ್ಟು ಸರಣಿಯಲ್ಲಿ ಜೋಡಿಸಿ. ಕೆಲವು ಮಿಲಿಆಂಪಿಯರ್ ತೋರಿದರೆ ಅದು ಗಡಿಯಾರ, ಇಸಿಯುಗಳ ಸಹಜ ಬಳಕೆ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಹೆಚ್ಚುವರಿ ದೀಪದ ಫ್ಯೂಸ್ ಕಿತ್ತು ನೋಡಿ. ಅಂಕಿ ಇಳಿದರೆ ಸೋರಿಕೆ ನಿಮ್ಮ ಹೊಸ ವೈರಿಂಗಿನಲ್ಲೇ ಇದೆ. ಹೆಚ್ಚಾಗಿ ಅದು ಒಳಗೆ ಸಣ್ಣ ದೀಪವಿರುವ ಸ್ವಿಚ್ಚನ್ನು ಕೀಲಿಯ ನಂತರದ ವೈರಿಗೆ ಕೊಡುವ ಬದಲು ಬ್ಯಾಟರಿಗೇ ನೇರವಾಗಿ ಕೊಟ್ಟಿರುವುದರಿಂದ ಆಗುತ್ತದೆ. ಇಳಿಯದಿದ್ದರೆ ದೀಪಗಳನ್ನು ಬಿಟ್ಟು ರೆಗ್ಯುಲೇಟರ್-ರೆಕ್ಟಿಫೈಯರ್ ಕಡೆ ನೋಡಿ.

ಹಾಕಿಸಿದ ಮೇಲೆ ಮತ್ತೆ ಯಾವಾಗ ಪರೀಕ್ಷಿಸಬೇಕು?

ಮೊದಲ ದೀರ್ಘ ಪ್ರಯಾಣ ಮುಗಿದ ಕೂಡಲೇ. ಅರ್ಧ ಗಂಟೆ ದೀಪ ಉರಿಸಿ, ಫ್ಯೂಸ್ ಹೋಲ್ಡರು, ರಿಲೇ, ಕನೆಕ್ಟರು, ಸ್ವಿಚ್ಚು ಇವುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ. ರಿಲೇ ಬೆಚ್ಚಗಿದ್ದರೆ ಸಹಜ. ಕನೆಕ್ಟರು ಬಿಸಿಯಾಗಿದ್ದರೆ ಆ ಕೀಲನ್ನು ಅಂದೇ ಬಿಚ್ಚಿ ಮತ್ತೆ ಕ್ರಿಂಪ್ ಮಾಡಿ. ದೀಪದ ಬ್ರಾಕೆಟ್ಟಿನ ನಟ್ಟುಗಳನ್ನು ಸುಮಾರು 500 ಕಿಲೋಮೀಟರಿಗೆ ಒಮ್ಮೆ ಬಿಗಿ ನೋಡಿ. ಅವು ಸಡಿಲಾದರೆ ದೀಪ ಮೇಲಕ್ಕೆ ತಿರುಗಿ ಎದುರಿನವರ ಕಣ್ಣಿಗೆ ಹೊಡೆಯುತ್ತಿರುತ್ತದೆ, ನಿಮಗೆ ಮಾತ್ರ ಗೊತ್ತಿರುವುದಿಲ್ಲ.